ಕಲ್ನಾರಿನ ಧೂಳು ತಂದ ಕ್ಯಾನ್ಸರ್: ಕೊಡಗಿನ ಕುಟುಂಬಗಳಿಗೆ ಚಿಕಿತ್ಸೆ, ಸಂಶೋಧನೆ, ಕಾನೂನು ನೆರವಿನ ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪನಿಗೆ 2022ರ ಮಳೆಗಾಲದಲ್ಲಿ ದಮ್ಮು ಶುರುವಾಯಿತು. ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ತೋಟದ ಏರು ಹತ್ತುವಾಗ ಮೊದಲು ಒಂದು ಸಲ ನಿಲ್ಲುತ್ತಿದ್ದರು. ಆಮೇಲೆ ಮೂರು ಸಲ. ಮಳೆ, ಥಂಡಿ, ವಯಸ್ಸು ಅಂತ ನಾವೂ ಸುಮ್ಮನಿದ್ದೆವು. ಹುತ್ತರಿ ಹೊತ್ತಿಗೆ ಎದೆಯ ಬಲಗಡೆ ನೀರು ತುಂಬಿತ್ತು. ನೀರು ತೆಗೆದರು. ಟಿ.ಬಿ. ಇರಬಹುದು ಎಂದು ಮಾತ್ರೆ ಕೊಟ್ಟರು. ಐದು ತಿಂಗಳು ತಪ್ಪದೆ ನುಂಗಿದರು. ನೀರು ಮತ್ತೆ ಮತ್ತೆ ತುಂಬುತ್ತಲೇ ಇತ್ತು.

ಕೊನೆಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು: "ತೋಟಕ್ಕೆ ಮುಂಚೆ ಏನು ಕೆಲಸ ಮಾಡ್ತಿದ್ರಿ ಅಜ್ಜ?"

"ಬೊಂಬಾಯಿಯಲ್ಲಿ ಹಡಗು ರಿಪೇರಿ. ಬಿಸಿ ಪೈಪಿಗೆ ಬಿಳಿ ಹಗ್ಗ ಸುತ್ತಿ ಬಿಳಿ ಗಾರೆ ಮೆತ್ತೋದು. ಹನ್ನೊಂದು ವರ್ಷ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಬಿಳಿ ಹಗ್ಗ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಎರಡು ವಾರದಲ್ಲಿ ಬಯಾಪ್ಸಿ ಆಯಿತು. ಕಾಯಿಲೆಯ ಹೆಸರು ಮೆಸೋಥೆಲಿಯೋಮಾ.

ಅಷ್ಟು ದಿನದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಮಗೂ ಹೇಳಬೇಕು ಅಂತ ಹೊಳೆದಿರಲಿಲ್ಲ. ನಂತರದ ಎರಡು ವರ್ಷ ಆಸ್ಪತ್ರೆ, ಕೋರ್ಟು, ಕಚೇರಿ ಸುತ್ತಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮನೆ ಹೀಗೆ ತಿಂಗಳುಗಟ್ಟಲೆ ಕಳೆದುಕೊಳ್ಳಬಾರದು. ನಾನು ಡಾಕ್ಟರಲ್ಲ, ವಕೀಲನೂ ಅಲ್ಲ. ಇದನ್ನು ಓದಿಕೊಂಡು ಅವರ ಬಳಿ ಹೋಗಿ. ಇದೇ ಸಾಕು ಅಂತ ಮನೆಯಲ್ಲಿ ಕೂರಬೇಡಿ.

ಮೊದಲು ಗೊತ್ತಿರಬೇಕಾದದ್ದು

ಕಲ್ನಾರು ನೆಲದಿಂದ ತೆಗೆಯುವ ನಾರಿನಂಥ ಖನಿಜ. ಬೆಂಕಿಗೆ ಸುಡುವುದಿಲ್ಲ. ಹಾಗಾಗಿ ಬಾಯ್ಲರ್, ಹಡಗು, ರೈಲು ಬೋಗಿ, ಬ್ರೇಕ್ ಲೈನರ್, ಮನೆಯ ಶೀಟು, ನೀರಿನ ಪೈಪು, ಎಲ್ಲದರಲ್ಲೂ ಸೇರಿತು. ಅದನ್ನು ಕೊಯ್ದಾಗ, ಉಜ್ಜಿದಾಗ, ಒಡೆದಾಗ ಕಣ್ಣಿಗೆ ಕಾಣದ ನಾರು ಗಾಳಿಯಲ್ಲಿ ತೇಲುತ್ತದೆ. ಉಸಿರಿನ ಜೊತೆ ಒಳಗೆ ಹೋದದ್ದು ಕರಗುವುದಿಲ್ಲ. ಸಾಮಾನ್ಯವಾಗಿ 20ರಿಂದ 50 ವರ್ಷ ಕಳೆದ ಮೇಲೆ ಕ್ಯಾನ್ಸರ್ ತೋರುತ್ತದೆ. ಶ್ವಾಸಕೋಶದ ಹೊರಪೊರೆ ಅಥವಾ ಹೊಟ್ಟೆಯ ಒಳಪೊರೆಗೆ ಬಂದರೆ ಮೆಸೋಥೆಲಿಯೋಮಾ. ಶ್ವಾಸಕೋಶದ ಒಳಗೇ ಬಂದರೆ ಶ್ವಾಸಕೋಶದ ಕ್ಯಾನ್ಸರ್. ಆಸ್ಬೆಸ್ಟೋಸಿಸ್ ಎನ್ನುವುದು ಕ್ಯಾನ್ಸರ್ ಅಲ್ಲ. ಅದರಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರಿಗೂ ಕಲ್ನಾರು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಪ್ಪಿದೆ.

ಬೀಡಿ ಸಿಗರೇಟಿನ ವಿಷಯ ಬೇರೆಯಾಗಿ ಹೇಳಬೇಕು. ಕಲ್ನಾರಿನ ಜೊತೆ ಹೊಗೆಯೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಜಾಸ್ತಿಯಾಗುತ್ತದೆ. ಆದರೆ ಮೆಸೋಥೆಲಿಯೋಮಾ ಬೀಡಿಯಿಂದ ಬರುವುದಿಲ್ಲ. "ಬೀಡಿ ಸೇದುತ್ತಿದ್ದರು, ಅದಕ್ಕೇ ಬಂತು" ಎಂದು ಕಂಪನಿ ಕಡೆಯವರು ಹೇಳಿದರೆ ನಿಮ್ಮ ವಕೀಲರಿಗೆ ಈ ಮಾತು ನೆನಪಿಸಿ.

ಕೊಡಗಿನಲ್ಲಿ ಇದು ಯಾರಿಗೆ ಬರಬಹುದು? ಮುಂಬೈ, ಗಲ್ಫ್ ಕಡೆ ಹಡಗುಕಟ್ಟೆ, ವಿದ್ಯುತ್ ಸ್ಥಾವರ, ಕಾರ್ಖಾನೆಗಳಲ್ಲಿ ದುಡಿದು ವಾಪಸ್ ಬಂದವರಿಗೆ. ಸೇನೆ, ಅದರಲ್ಲೂ ನೌಕಾಪಡೆಯ ಎಂಜಿನ್ ಕೋಣೆಯಲ್ಲಿದ್ದವರಿಗೆ. ಹಳೆಯ ಗಾಡಿಗಳ ಬ್ರೇಕ್, ಕ್ಲಚ್ ಊದಿ ಊದಿ ಸ್ವಚ್ಛ ಮಾಡುತ್ತಿದ್ದ ಮೆಕ್ಯಾನಿಕ್‌ಗಳಿಗೆ. ಶೀಟು ಕೊಯ್ಯುವ ಬಡಗಿಗಳಿಗೆ, ಗಾರೆಯವರಿಗೆ. ಅವರ ಧೂಳಿನ ಬಟ್ಟೆ ಒಗೆದ ಹೆಂಡತಿ, ತಾಯಿಗೆ ಕೂಡ. ಈ ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ.

ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆಯ) ಶೀಟಿನ ಕೆಳಗೆ ಮಲಗಿದ್ದಕ್ಕೇ ಕ್ಯಾನ್ಸರ್ ಬರುತ್ತದೆ ಎಂದು ಹೆದರಬೇಡಿ. ಒಡೆಯದ, ಕೊರೆಯದ ಶೀಟಿನಿಂದ ಅಪಾಯ ಕಡಿಮೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 1: ಒಂದು ನೋಟ್‌ಬುಕ್ ತೆರೆಯಿರಿ

ಡಾಕ್ಟರಿಗೂ ಮುಂಚೆ ಇದನ್ನು ಹೇಳುತ್ತಿರುವುದಕ್ಕೆ ಕಾರಣ ಇದೆ. ಈ ಕಾಯಿಲೆಯಲ್ಲಿ ರೋಗ ಕಂಡುಹಿಡಿಯುವುದು, ಸಂಶೋಧನೆಗೆ ಸೇರುವುದು, ಪರಿಹಾರ ಪಡೆಯುವುದು, ಮೂರೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಯಾವಾಗ, ಎಲ್ಲಿ, ಏನು ಕೆಲಸ ಮಾಡಿದಿರಿ?

ರೋಗಿ ಮಾತಾಡುವ ಸ್ಥಿತಿಯಲ್ಲಿ ಇರುವಾಗಲೇ ಕೂತು ಬರೆಸಿಕೊಳ್ಳಿ. ಶಾಲೆ ಬಿಟ್ಟ ವರ್ಷದಿಂದ ಶುರು ಮಾಡಿ. ಎಲ್ಲಿ ಕೆಲಸ, ಯಾರ ಕೆಳಗೆ, ನೇರ ನೌಕರಿಯೋ ಕಂಟ್ರಾಕ್ಟೋ, ಕೈಯಲ್ಲಿ ಏನು ಹಿಡಿಯುತ್ತಿದ್ದರು, ಧೂಳು ಎಷ್ಟಿತ್ತು, ಮೂಗಿಗೆ ಏನಾದರೂ ಕಟ್ಟಲು ಕೊಟ್ಟಿದ್ದರಾ, ಜೊತೆಗೆ ಯಾರಿದ್ದರು, ಬಟ್ಟೆ ಎಲ್ಲಿ ಒಗೆಯುತ್ತಿದ್ದರು. "ಆಸ್ಬೆಸ್ಟಾಸ್ ಮುಟ್ಟಿದ್ದೀರಾ?" ಎಂದು ಕೇಳಿದರೆ "ಇಲ್ಲ" ಅಂತಾರೆ. ಅವರಿಗೆ ಆ ಹೆಸರೇ ಗೊತ್ತಿರುವುದಿಲ್ಲ. "ಬಿಳಿ ಹಗ್ಗ, ಬಿಳಿ ಪುಡಿ, ಬೆಂಕಿಗೆ ಸುಡದ ಬಟ್ಟೆ, ಸಿಮೆಂಟ್ ಶೀಟು ಮುಟ್ಟಿದ್ದೀರಾ?" ಎಂದು ಕೇಳಿ. ಇಸವಿ ನೆನಪಾಗದಿದ್ದರೆ ಮದುವೆ, ಮಗು ಹುಟ್ಟಿದ್ದು, ದೊಡ್ಡ ಮಳೆ ಬಂದ ವರ್ಷ ಹಿಡಿದು ಲೆಕ್ಕ ಹಾಕಿ. ದೊಡ್ಡಮ್ಮ ಹೀಗೇ ಒಂದೊಂದಾಗಿ ನೆನಪು ಮಾಡಿ ಹೇಳಿದರು: "ನಿನ್ನ ಅಣ್ಣ ಹೊಟ್ಟೆಯಲ್ಲಿದ್ದಾಗ ಇವರು ದೊಡ್ಡ ಹಡಗಿನ ಕೆಲಸಕ್ಕೆ ಹೋಗ್ತಿದ್ರು."

ಆಮೇಲೆ ಕಾಗದ ಹುಡುಕಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಗೇಟ್ ಪಾಸ್, ಪಿ.ಎಫ್. ಚೀಟಿ, ಇ.ಎಸ್.ಐ. ಕಾರ್ಡ್, ಸೇನೆಯವರಾದರೆ ಡಿಸ್ಚಾರ್ಜ್ ಬುಕ್, ಗೆಳೆಯರ ಜೊತೆ ಕೆಲಸದ ಜಾಗದಲ್ಲಿ ತೆಗೆಸಿದ ಫೋಟೋ. ನಮ್ಮ ದೊಡ್ಡಪ್ಪನ ಟ್ರಂಕು 2018ರ ಆಗಸ್ಟ್ ಮಳೆಯಲ್ಲಿ ನೆನೆದು, ಬೂಸ್ಟು ಹಿಡಿದು, ನಾವೇ ಎಸೆದಿದ್ದೆವು. ಆ ತಪ್ಪು ಇವತ್ತಿಗೂ ಕಾಡುತ್ತದೆ. ಉಳಿದದ್ದು ಗೋಡೆಯ ಮೇಲಿದ್ದ ಒಂದು ಗ್ರೂಪ್ ಫೋಟೋ ಮಾತ್ರ. ಅದರಲ್ಲಿದ್ದ ಇಬ್ಬರನ್ನು ಹುಡುಕಿ ಅಫಿಡವಿಟ್ ಮಾಡಿಸಿದೆವು. ಜೊತೆಗೆ ದುಡಿದವರ ಸಾಕ್ಷಿ ತುಂಬಾ ಬೆಲೆಯುಳ್ಳದ್ದು. ಅವರಿಗೂ ವಯಸ್ಸಾಗಿರುತ್ತದೆ, ತಡ ಮಾಡಬೇಡಿ. ಸಿಕ್ಕ ಪ್ರತಿ ಕಾಗದದ ಫೋಟೋ ತೆಗೆದು ಊರಾಚೆ ಇರುವ ಒಬ್ಬರ ಫೋನಿಗೂ ಕಳಿಸಿಡಿ. ನಮ್ಮ ಮಳೆ ಕಾಗದವನ್ನು ಬಿಡುವುದಿಲ್ಲ.

ಕಲ್ನಾರು ಕಾರ್ಖಾನೆಯಲ್ಲೇ ದುಡಿದವರಾದರೆ ಕೇಳಲು ಇನ್ನೊಂದು ಹಕ್ಕಿದೆ. 1995ರ ಜನವರಿ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ನಿಯಮ ಹಾಕಿತು. ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯ ತನಕ ಇಡಬೇಕು. 1990ರಲ್ಲಿ ಸೇರಿದವರ ದಾಖಲೆ 2030ರವರೆಗಾದರೂ ಇರಲೇಬೇಕು. ಕಂಪನಿಗೆ ರಿಜಿಸ್ಟರ್ಡ್ ಪತ್ರ ಬರೆದು ಕೇಳಿ. ಕರ್ನಾಟಕದ ಕಾರ್ಖಾನೆಯಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಮಾಹಿತಿ ಹಕ್ಕಿನಲ್ಲೂ ಅರ್ಜಿ ಹಾಕಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.

ಹೆಜ್ಜೆ 2: ಸರಿಯಾದ ಪರೀಕ್ಷೆ ಮಾಡಿಸಿ

ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಎಂದರೆ ಮೊದಲು ಟಿ.ಬಿ. ನೆನಪಾಗುತ್ತದೆ. ಟಿ.ಬಿ. ಅಷ್ಟು ಜಾಸ್ತಿ ಇರುವುದರಿಂದ ಅದು ತಪ್ಪಲ್ಲ. ಆದರೆ ಮಾತ್ರೆ ತಗೊಂಡೂ ನೀರು ಮತ್ತೆ ತುಂಬುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಒಂದೇ ಕಡೆ ಎದೆನೋವು ಬಿಡದಿದ್ದರೆ, ಸುಮ್ನೆ ಕೋರ್ಸ್ ಮುಗಿಯಲಿ ಅಂತ ಕಾಯಬೇಡಿ. ನೋಟ್‌ಬುಕ್ ಹಿಡಿದು ಡಾಕ್ಟರ ಮುಂದಿಡಿ. "ಇವರು ಕಲ್ನಾರಿನ ಕೆಲಸ ಮಾಡಿದವರು, ಮೆಸೋಥೆಲಿಯೋಮಾ ಇರಬಹುದಾ?" ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಡಾಕ್ಟರನ್ನು ಕೇಳದೆ ಟಿ.ಬಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ತೆಗೆದ ನೀರಿನಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ ಎಂದರೆ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ. ಈ ಕಾಯಿಲೆಯಲ್ಲಿ ನೀರಿನ ಪರೀಕ್ಷೆ ಬಹಳ ಸಲ ಏನೂ ತೋರಿಸುವುದಿಲ್ಲ. ಬೇಕಾದದ್ದು ಸಿ.ಟಿ. ಸ್ಕ್ಯಾನ್, ಆಮೇಲೆ ಪೊರೆಯ ಚೂರು ತೆಗೆದು ನೋಡುವ ಬಯಾಪ್ಸಿ. ಪಕ್ಕೆಲುಬಿನ ನಡುವೆ ಸಣ್ಣ ಕ್ಯಾಮೆರಾ ಇಳಿಸಿ ಚೂರು ತೆಗೆಯುವ ಥೊರಾಕೊಸ್ಕೋಪಿ ಒಳ್ಳೆಯ ದಾರಿ. ಆ ಚೂರಿನ ಮೇಲೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆ ಆಗಬೇಕು. ಕ್ಯಾಲ್‌ರೆಟಿನಿನ್, ಡಬ್ಲ್ಯು.ಟಿ.1 ತರಹದ ಗುರುತುಗಳನ್ನು ಅದರಲ್ಲಿ ನೋಡುತ್ತಾರೆ. ಇದಿಲ್ಲದೆ ಮೆಸೋಥೆಲಿಯೋಮಾ ಮತ್ತು ಶ್ವಾಸಕೋಶದ ಸಾಮಾನ್ಯ ಕ್ಯಾನ್ಸರ್ ಬೇರೆ ಮಾಡುವುದು ಕಷ್ಟ. ಯಾವ ಬಗೆ ಎನ್ನುವುದೂ ವರದಿಯಲ್ಲಿ ಇರಬೇಕು: ಎಪಿಥೀಲಿಯಾಯ್ಡ್, ಸಾರ್ಕೋಮಟಾಯ್ಡ್, ಇಲ್ಲವೇ ಎರಡೂ ಬೆರೆತದ್ದು. ಔಷಧಿ ಆರಿಸುವುದು ಇದರ ಮೇಲೆ ನಿಂತಿದೆ.

ಇಲ್ಲಿ ಒಂದು ಮಾತು ಮರೆಯಬೇಡಿ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬ್ಲಾಕ್ ಮತ್ತು ಸ್ಲೈಡ್ ಜೋಪಾನವಾಗಿ ಇಡುವಂತೆ ಪ್ರಯೋಗಾಲಯಕ್ಕೆ ಬರೆದು ಕೊಡಿ. ಎರಡನೇ ಅಭಿಪ್ರಾಯಕ್ಕೂ ಸಂಶೋಧನೆಗೂ ಕೋರ್ಟಿಗೂ ಅದೇ ಬೇಕು.

ಎಲ್ಲಿಗೆ ಹೋಗುವುದು? ಶುರುವಿಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ. ಎಕ್ಸ್‌ರೇ ಆಗುವುದು, ನೀರು ತೆಗೆಯುವುದು, ಮುಖ್ಯವಾಗಿ ಸರ್ಕಾರಿ ರೆಫರಲ್ ಪತ್ರ ಸಿಗುವುದು ಅಲ್ಲೇ. ಮುಂದಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಎದೆರೋಗಕ್ಕೇ ಇರುವ ರಾಜೀವ್ ಗಾಂಧಿ ಸಂಸ್ಥೆ, ಮೈಸೂರು ಮತ್ತು ಮಂಗಳೂರಿನ ದೊಡ್ಡ ಆಸ್ಪತ್ರೆಗಳು. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕೇರಳದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ. ಮಳೆಗಾಲದಲ್ಲಿ ಕೀಮೊ ದಿನ ಗೊತ್ತು ಮಾಡುವಾಗ ರಸ್ತೆಯನ್ನೂ ಲೆಕ್ಕಕ್ಕೆ ತಗೊಳ್ಳಿ. 2018ರಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆಗಿದ್ದು ನೆನಪಿದೆ ಅಲ್ವಾ? ಜೂನ್‌ನಿಂದ ಆಗಸ್ಟ್ ತನಕ ಘಟ್ಟ ಇಳಿಯದೆ ಹೋಗಬಹುದಾದ ಮೈಸೂರು ದಾರಿಯೇ ವಾಸಿ ಎಂದು ನನ್ನ ಅನುಭವ. ಮಡಿಕೇರಿಯಿಂದ ಸುಮಾರು 120 ಕಿ.ಮೀ.

ಹೆಜ್ಜೆ 3: ಚಿಕಿತ್ಸೆ ಎಲ್ಲಿಗೆ ಬಂದಿದೆ ಎಂದು ತಿಳಿದುಕೊಳ್ಳಿ

ಈ ಕಾಯಿಲೆಗೂ ಕಲ್ನಾರಿಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿದ್ದು 1960ರಲ್ಲಿ, ದಕ್ಷಿಣ ಆಫ್ರಿಕದ ಗಣಿ ಸೀಮೆಯ 33 ರೋಗಿಗಳ ಮೇಲಿನ ವರದಿ. ಸರಿಯಾದ ಔಷಧಿಗೆ ಅಲ್ಲಿಂದ 40 ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. 2003ರ ಅಧ್ಯಯನದಲ್ಲಿ ಪೆಮೆಟ್ರೆಕ್ಸೆಡ್ ಮತ್ತು ಸಿಸ್ಪ್ಲಾಟಿನ್ ಎಂಬ ಕೀಮೊ ಔಷಧಿಗಳ ಜೋಡಿ ಪಡೆದವರು ಮಧ್ಯಾಂಕದ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 12.1 ತಿಂಗಳು ಬದುಕಿದರು, ಸಿಸ್ಪ್ಲಾಟಿನ್ ಒಂದನ್ನೇ ಪಡೆದವರು 9.3 ತಿಂಗಳು. ಈ ಜೋಡಿ ಇಂದಿಗೂ ಬಳಕೆಯಲ್ಲಿದೆ. ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಕೈಗೆಟುಕುತ್ತದೆ. ಪೆಮೆಟ್ರೆಕ್ಸೆಡ್‌ಗೆ ಒಂದು ವಾರ ಮುಂಚೆಯೇ ಫೋಲಿಕ್ ಆಸಿಡ್ ಮಾತ್ರೆ, ಬಿ12 ಚುಚ್ಚುಮದ್ದು ಶುರುವಾಗಬೇಕು. ಊರಿಂದ ಹೊರಡುವ ಮುಂಚೆ ಅದಾಗಿದೆಯಾ ನೋಡಿಕೊಳ್ಳಿ.

2021ರಲ್ಲಿ ಪ್ರಕಟವಾದ ಚೆಕ್‌ಮೇಟ್ 743 ಎಂಬ ಅಧ್ಯಯನ ಇಮ್ಯುನೋಥೆರಪಿಯ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆಯ, ದಾರಿ ತೆರೆಯಿತು. ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಔಷಧಿ ಪಡೆದವರು 18.1 ತಿಂಗಳು, ಕೀಮೊ ಪಡೆದವರು 14.1 ತಿಂಗಳು ಬದುಕಿದರು. ಎಪಿಥೀಲಿಯಾಯ್ಡ್ ಅಲ್ಲದ ಬಗೆಯಲ್ಲಿ ಲಾಭ ಜಾಸ್ತಿ ಕಂಡಿತು. ವರದಿಯಲ್ಲಿ ಬಗೆ ಬರೆದಿರಬೇಕು ಅಂದದ್ದು ಇದಕ್ಕೇ. ಈ ಔಷಧಿ ತುಂಬಾ ದುಬಾರಿ. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನಲ್ಲಿ ನಿವೊಲುಮಾಬನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಉಪಯೋಗ ಇದೆ ಎಂದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತೋರಿಸಿದ್ದಾರೆ. ಆ ಫಲಿತಾಂಶ ಮೆಸೋಥೆಲಿಯೋಮಾದ್ದಲ್ಲ. ಆದರೂ ಹಣದ ಮುಗ್ಗಟ್ಟಿನಲ್ಲಿ ಡಾಕ್ಟರ ಬಳಿ ಈ ಮಾತು ಎತ್ತಬಹುದು.

ದೊಡ್ಡ ಆಪರೇಷನ್ ಮಾಡಿಸಿದರೆ ಗುಣವಾಗುತ್ತದೆ ಎಂದು ನಂಬಿ ತೋಟ ಅಡವಿಡಲು ಹೊರಟವರನ್ನು ನೋಡಿದ್ದೇನೆ. ದಯವಿಟ್ಟು ನಿಂತು ಯೋಚಿಸಿ. ಬ್ರಿಟನ್ನಿನ ಮಾರ್ಸ್ 2 ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಎದೆಯ ಪೊರೆ ತೆಗೆಯುವ ಆಪರೇಷನ್ ಜೊತೆಗೆ ಕೀಮೊ ಪಡೆದವರು 19.3 ತಿಂಗಳು, ಬರೀ ಕೀಮೊ ಪಡೆದವರು 24.8 ತಿಂಗಳು ಬದುಕಿದರು. ಹೊಟ್ಟೆಯ ಪೊರೆಗೆ ಬಂದ ಮೆಸೋಥೆಲಿಯೋಮಾ ಮಾತ್ರ ಬೇರೆ. ಅಲ್ಲಿ ಗಡ್ಡೆ ಕೆರೆದು ತೆಗೆದು ಬಿಸಿ ಕೀಮೊ ಹಾಕುವ ಹೈಪೆಕ್ ಆಪರೇಷನ್‌ನಿಂದ ಆರಿಸಿದ ಕೆಲವರಿಗೆ ಹಲವು ವರ್ಷ ಸಿಗುತ್ತದೆ. ಈ ತಿಂಗಳ ಲೆಕ್ಕವೆಲ್ಲ ಮಧ್ಯಾಂಕ. ನಿಮ್ಮ ಮನೆಯವರು ಅದಕ್ಕಿಂತ ಹೆಚ್ಚೂ ಬದುಕಬಹುದು, ಕಡಿಮೆಯೂ ಆಗಬಹುದು.

ಹೊಸ ಔಷಧಿಯ ಪ್ರಯೋಗಕ್ಕೆ ಸೇರುವ ಆಸೆ ಇದ್ದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣ ಸಿ.ಟಿ.ಆರ್.ಐ.ನಲ್ಲಿ ಮೆಸೋಥೆಲಿಯೋಮಾ ಎಂದು ಹುಡುಕಿ. 2009ರಿಂದ ದೇಶದ ಪ್ರತಿ ಪ್ರಯೋಗವೂ ಅಲ್ಲಿ ನೋಂದಣಿ ಆಗಲೇಬೇಕು. ಯಾವ ಆಸ್ಪತ್ರೆ, ಜನ ತಗೊಳ್ಳುತ್ತಿದ್ದಾರಾ, ಎಲ್ಲ ಇರುತ್ತದೆ. ಮೆಸೋಥೆಲಿಯೋಮಾ ಹೆಸರಲ್ಲಿ ಸಿಗದಿದ್ದರೆ "ಗಟ್ಟಿ ಗಡ್ಡೆಗಳು" ಎಂಬ ಗುಂಪಿನ ಪ್ರಯೋಗಗಳನ್ನೂ ನೋಡುವಂತೆ ಡಾಕ್ಟರಿಗೆ ಹೇಳಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದ್ದು ಕೇಳಿ, ಮನೆಗೆ ತಂದು ಓದಿ, ಆಮೇಲೆ ಸಹಿ ಮಾಡಿ. ಯಾವಾಗ ಬೇಕಾದರೂ ಹೊರಗೆ ಬರಬಹುದು. ಅದಕ್ಕಾಗಿ ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಎಂದು 2019ರ ನಿಯಮಗಳು ಹೇಳುತ್ತವೆ. ಪ್ರಯೋಗಕ್ಕೆ ಸೇರಿಸಲು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಉಸಿರು ಮತ್ತು ನೋವಿನ ಆರೈಕೆ ಕೊನೆಯ ದಿನಗಳಿಗೆ ಇಡುವ ವಿಷಯವಲ್ಲ. ಮೊದಲ ದಿನದಿಂದಲೇ ಕೇಳಿ. ಪದೇಪದೇ ನೀರು ತುಂಬದ ಹಾಗೆ ಪೊರೆ ಅಂಟಿಸುವ ವಿಧಾನ ಇದೆ. ಮನೆಯಲ್ಲೇ ನೀರು ಬಸಿಯುವ ಸಣ್ಣ ಕೊಳವೆ ಇದೆ. ನಮಗೆ ಆ ಕೊಳವೆ ತಡವಾಗಿ ಗೊತ್ತಾಯಿತು. ಮೊದಲೇ ಹಾಕಿಸಿದ್ದರೆ ದೊಡ್ಡಪ್ಪನಿಗೆ ಎಷ್ಟೋ ಪ್ರಯಾಣ ತಪ್ಪುತ್ತಿತ್ತು. ಮಾರ್ಫಿನ್ ಎಂದರೆ ಹೆದರಬೇಡಿ. ನೋವಿಗೂ ದಮ್ಮಿಗೂ ಅದು ಆಗುತ್ತದೆ. ಪ್ಯಾಲಿಯೇಟಿವ್ (ನೋವು ತಗ್ಗಿಸುವ ಆರೈಕೆ) ವಿಭಾಗದ ಡಾಕ್ಟರು ಲೆಕ್ಕ ಮಾಡಿ ಕೊಡುತ್ತಾರೆ.

ಹೆಜ್ಜೆ 4: ಖರ್ಚಿಗೆ ದಾರಿ

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ತನಕ. ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋದರೆ ಇದು ತಪ್ಪಿಹೋಗುತ್ತದೆ. ಕೇರಳದ ಆಸ್ಪತ್ರೆಗೆ ಹೋಗುವವರು ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಮೊದಲೇ ಕೇಳಿ. ಸಾಲದೆ ಬಂದರೆ ಆಸ್ಪತ್ರೆಯಿಂದ ಖರ್ಚಿನ ಅಂದಾಜು ಪಟ್ಟಿ ತಗೊಂಡು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರುವ ಗಾರೆಯವರು, ಬಡಗಿಗಳು ಅಲ್ಲಿಯೂ ವೈದ್ಯಕೀಯ ನೆರವು ಕೇಳಬಹುದು. ನಿವೃತ್ತ ಸೈನಿಕರಿಗೆ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಇದೆ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಆದರೆ ಮೈಸೂರಿನಿಂದ ಮುಂಬೈ ತನಕ ಹೋಗಬೇಕಾಗಿ ಬಂದರೆ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ಟಿಕೆಟ್ ರಿಯಾಯಿತಿ ಇದೆ. ಅದರ ನಮೂನೆಗೆ ಆಸ್ಪತ್ರೆಯವರು ಸಹಿ ಮಾಡಬೇಕು.

ಹೆಜ್ಜೆ 5: ಕಾನೂನಿನ ದಾರಿ

ಚಿಕಿತ್ಸೆ ಶುರುವಾದ ವಾರದಲ್ಲೇ ಇದನ್ನೂ ಶುರು ಮಾಡಿ. ಗುಣವಾದ ಮೇಲೆ ನೋಡೋಣ ಎಂದರೆ ಅವಧಿ ಮೀರುತ್ತದೆ.

ಮೊದಲು ವಕೀಲರ ವಿಷಯ. ಫೋನಿನಲ್ಲಿ ಮೆಸೋಥೆಲಿಯೋಮಾ ಎಂದು ಹುಡುಕಿದರೆ ಕೋಟಿಗಟ್ಟಲೆ ಪರಿಹಾರ ಕೊಡಿಸುತ್ತೇವೆ ಎನ್ನುವ ಅಮೆರಿಕದ ವಕೀಲರ ಜಾಹೀರಾತು ಸಾಲಾಗಿ ಬರುತ್ತದೆ. ಅದು ಅಲ್ಲಿನ ಕಾನೂನು. ಅಮೆರಿಕದ ಕಂಪನಿಯ ಹಡಗಿನಲ್ಲೋ ಕಾರ್ಖಾನೆಯಲ್ಲೋ ದುಡಿದಿದ್ದರೆ ವಿಚಾರಿಸಬಹುದು. ಅಲ್ಲಿ ದಿವಾಳಿಯಾದ ಕಂಪನಿಗಳು ರೋಗಿಗಳಿಗಾಗಿ ಟ್ರಸ್ಟ್‌ಗಳನ್ನು ಇಟ್ಟಿವೆ. ಉಳಿದ ನಮ್ಮಂಥವರಿಗೆ ಮಡಿಕೇರಿ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೇ ಬಾಗಿಲು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. "ಬಂದ ಹಣದಲ್ಲಿ ಇಷ್ಟು ಪಾಲು ನನಗೆ" ಎನ್ನುವವರನ್ನು ನಂಬಬೇಡಿ. ನಮ್ಮ ದೇಶದಲ್ಲಿ ವಕೀಲರು ಹಾಗೆ ಪಾಲು ಕೇಳುವಂತಿಲ್ಲ.

ಈಗ ಕಾಯ್ದೆ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಪಟ್ಟಿಯಲ್ಲಿ ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೋಥೆಲಿಯೋಮಾದ ಹೆಸರಿದೆ. ಆಸ್ಬೆಸ್ಟೋಸಿಸ್ ಕೂಡ ಇದೆ. ಅಂಥ ಕೆಲಸದಲ್ಲಿ ಒಬ್ಬ ಮಾಲೀಕರ ಕೆಳಗೆ ಸತತ ಆರು ತಿಂಗಳು ದುಡಿದಿದ್ದರೆ ಈ ಕ್ಯಾನ್ಸರನ್ನು ಕೆಲಸದಲ್ಲಾದ ಅಪಘಾತದಂತೆಯೇ ನೋಡುತ್ತಾರೆ. ಕಂಟ್ರಾಕ್ಟರ್ ಕೆಳಗೆ ಇದ್ದರೂ ಮುಖ್ಯ ಕಂಪನಿ ಹೊಣೆ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ಮೂಲ ಸೂತ್ರ ಅದೇ. ನಿಮ್ಮ ಕೇಸಿಗೆ ಹಳೆಯದೋ ಹೊಸದೋ ಎಂದು ವಕೀಲರನ್ನು ಮೊದಲ ದಿನವೇ ಕೇಳಿ.

ಎಷ್ಟು ಬರಬಹುದು? ಹಳೆಯ ಕಾಯ್ದೆಯಲ್ಲಿ 2020ರಿಂದ ತಿಂಗಳ ಸಂಬಳವನ್ನು ಹೆಚ್ಚೆಂದರೆ 15,000 ಎಂದು ಹಿಡಿಯುತ್ತಾರೆ. ದುಡಿಯುವ ಶಕ್ತಿ ಪೂರ್ತಿ ಹೋದರೆ ಅದರ ಶೇ. 60, ತೀರಿಕೊಂಡರೆ ಶೇ. 50. ಅದನ್ನು ವಯಸ್ಸಿನ ಅಂಕಿಯಿಂದ ಗುಣಿಸಬೇಕು. 60 ವರ್ಷಕ್ಕೆ ಆ ಅಂಕಿ 117.41. ಅಂದರೆ 9,000ವನ್ನು 117.41ರಿಂದ ಗುಣಿಸಿದರೆ 10,56,690 ರೂಪಾಯಿ. 65 ಮತ್ತು ಮೇಲ್ಪಟ್ಟವರಿಗೆ ಅಂಕಿ 99.37. ಮಾಲೀಕರು ಹಣ ಕೊಡಲು ತಡ ಮಾಡಿದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದರೆ ದಂಡವೂ ಸೇರುತ್ತದೆ.

ನಮಗೆ ತುಂಬಾ ಉಪಕಾರವಾದ ಇನ್ನೊಂದು ವಿಷಯ ಇದೆ. ಅರ್ಜಿಯನ್ನು ಕೆಲಸ ಮಾಡಿದ ಊರಲ್ಲೇ ಹಾಕಬೇಕಿಲ್ಲ. ಕಾರ್ಮಿಕರೋ ಅವಲಂಬಿತರೋ ವಾಸ ಇರುವ ಜಾಗದಲ್ಲೂ ಹಾಕಬಹುದು. ಮುಂಬೈಯಲ್ಲಿ ದುಡಿದವರಿಗೆ ಕೊಡಗಿನಲ್ಲಿ ಕೇಸು ನಡೆಸಬಹುದು.

ಗಂಟು ಇರುವುದು ಅವಧಿಯಲ್ಲಿ. ಅರ್ಜಿಗೆ ಎರಡು ವರ್ಷದ ಗಡುವು. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ ಆ ದಿನದಿಂದ ಎಣಿಸಬಹುದು ಎಂದು ಹಳೆಯ ಕಾಯ್ದೆ ಹೇಳುತ್ತದೆ. ನಮ್ಮ ಕಾಯಿಲೆ ಬರುವುದು 30, 40 ವರ್ಷದ ಮೇಲೆ! ಕಾಯ್ದೆ ಬರೆದವರಿಗೆ ಈ ಕಾಯಿಲೆಯ ಗುಣ ಗೊತ್ತಿರಲಿಲ್ಲ ಅನಿಸುತ್ತದೆ. ಹಾಗಾಗಿ ಅರ್ಜಿಯ ಜೊತೆಗೇ ತಡವನ್ನು ಮನ್ನಿಸುವ ಕೋರಿಕೆ ಹಾಕಬೇಕು. ರೋಗ ಗೊತ್ತಾದ ದಿನದ ಬಯಾಪ್ಸಿ ವರದಿ, ಈ ಕ್ಯಾನ್ಸರ್ ತಡವಾಗಿಯೇ ಬರುತ್ತದೆ ಎಂಬ ಡಾಕ್ಟರ ಪತ್ರ, 1995ರ ಸುಪ್ರೀಂ ಕೋರ್ಟ್ ತೀರ್ಪು, ಮೂರನ್ನೂ ಸೇರಿಸಿ. ದುಡಿಯುವಾಗಲೂ ನಿವೃತ್ತಿಯ ನಂತರವೂ ಆರೋಗ್ಯ ಕಾರ್ಮಿಕರ ಮೂಲಭೂತ ಹಕ್ಕು ಎಂದು ಆ ತೀರ್ಪು ಹೇಳಿದೆ. ಸರ್ಕಾರಿ ಸಂಸ್ಥೆಯಲ್ಲಿ ದುಡಿದವರಾದರೆ ಹೈಕೋರ್ಟಿಗೆ ರಿಟ್ ಹಾಕುವ ದಾರಿಯನ್ನೂ ವಕೀಲರ ಜೊತೆ ಚರ್ಚಿಸಿ.

ಇ.ಎಸ್.ಐ. ಇದ್ದವರಿಗೆ ಪರಿಹಾರ ಅಲ್ಲಿಂದಲೇ, ಬೇರೆ ಕೇಸು ನಡೆಯುವುದಿಲ್ಲ. ಸೇನೆಯವರಿಗೆ ಅಂಗವೈಕಲ್ಯ ಪಿಂಚಣಿಯ ದಾರಿ. ಸೇರುವಾಗ ಆರೋಗ್ಯವಾಗಿದ್ದರು ಎಂದು ಬರೆದಿದ್ದರೆ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ಹಿಡಿಯಬೇಕು, ಅಲ್ಲ ಎಂದು ತೋರಿಸುವುದು ಸರ್ಕಾರದ ಹೊಣೆ ಎಂದು 2013ರ ಧರ್ಮವೀರ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿವೃತ್ತಿಯಾಗಿ ದಶಕಗಳ ಮೇಲೆ ಬಂದ ಕಾಯಿಲೆಗೆ ಇದನ್ನು ಹೊಂದಿಸುವುದು ಸುಲಭವಲ್ಲ. ಹಡಗು, ಹುದ್ದೆ, ವರ್ಷ ಬರೆದ ಡಿಸ್ಚಾರ್ಜ್ ಬುಕ್ಕೇ ಇಲ್ಲಿ ಜೀವಾಳ.

ಡಾಕ್ಟರಿಂದ ಎರಡು ಕೆಲಸ ಮಾಡಿಸಿಕೊಳ್ಳಿ. ಒಂದು, ಕೇಸ್ ಶೀಟಿನಲ್ಲಿ ಕೆಲಸದ ಚರಿತ್ರೆ ಬರೆಸಿ. ಎರಡು, ಕಾರ್ಖಾನೆಯಲ್ಲಿ ದುಡಿದವರಾದರೆ ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಲು ಹೇಳಿ. ಆಸ್ಬೆಸ್ಟೋಸಿಸ್ ಮತ್ತು ಕೆಲಸದಿಂದ ಬಂದ ಕ್ಯಾನ್ಸರ್ ಕಂಡ ಡಾಕ್ಟರು ಮುಖ್ಯ ನಿರೀಕ್ಷಕರಿಗೆ ತಿಳಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಿಂದಲೂ ನಿಯಮವಿದೆ. ಕಾಯಿಲೆ ಕೆಲಸದಿಂದ ಬಂತೇ ಎಂಬ ತಕರಾರು ಎದ್ದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಭಿಪ್ರಾಯಕ್ಕೆ ತೂಕ ಇದೆ. ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲೇ ಇದೆ.

ನೌಕರಿಯಿಂದಲ್ಲದೆ, ಬಟ್ಟೆ ಒಗೆದು ಅಥವಾ ಸ್ವಂತ ಮನೆಯ ಶೀಟು ಕೊಯ್ದು ಕಾಯಿಲೆ ಬಂದವರಿಗೆ ಈ ಕಾಯ್ದೆ ಸಿಗುವುದಿಲ್ಲ. ಸಿವಿಲ್ ದಾವೆ ಹಾಕಬಹುದು, ಆದರೆ ಆ ದಾರಿ ಉದ್ದ, ಕಡಿದು. ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ.

ಹೆಜ್ಜೆ 6: ಮನೆಯ ಶೀಟು

ನಮ್ಮ ಊರಿನಲ್ಲಿ ಮಳೆಗೆ ಮುಂಚೆ ಶೀಟಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆಯುವ ಅಭ್ಯಾಸ ಇದೆ. ಬಿಸಿಲಲ್ಲಿ ಒಣಗಿದ ಶೀಟನ್ನು ಹಾಗೆ ಕೆರೆಯುವುದನ್ನು ಇವತ್ತೇ ನಿಲ್ಲಿಸಿ. ತೋಟದ ಮಾಲೀಕರೂ ಲೈನ್ ಮನೆಯವರಿಗೆ ಆ ಕೆಲಸ ಹೇಳಬೇಡಿ. ಭಾರತದಲ್ಲಿ ಬಿಳಿ ಕಲ್ನಾರಿನ ಬಳಕೆ ಇನ್ನೂ ನಿಷೇಧವಾಗಿಲ್ಲ, ಹಾಗಾಗಿ ಈ ಎಚ್ಚರ ನಾವೇ ತಗೊಳ್ಳಬೇಕು. ಶೀಟು ತೆಗೆಯಲೇಬೇಕಾದರೆ ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ. ಗರಗಸ, ಗ್ರೈಂಡರ್ ಬೇಡ. ಬಟ್ಟೆಯ ಮಾಸ್ಕ್ ಸಾಲದು. ಒಡೆದ ಚೂರನ್ನು ಒಣಗಿದ ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಎತ್ತಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಎಲ್ಲಿ ಹಾಕಬೇಕು ಎಂದು ಪಂಚಾಯಿತಿಯಲ್ಲಿ ಕೇಳಿ. ದಾರಿಯ ಗುಂಡಿ ಮುಚ್ಚಲು ಹಾಕಬೇಡಿ. ವಾಹನ ಓಡಾಡಿದಷ್ಟೂ ಪುಡಿಯಾಗುತ್ತದೆ.

ಹೆಜ್ಜೆ 7: ತೀರಿಕೊಂಡರೆ

ಬರೆಯಲು ಕಷ್ಟ, ಆದರೂ ಬರೆಯಬೇಕು. ದೊಡ್ಡಪ್ಪ 2023ರ ಡಿಸೆಂಬರಿನಲ್ಲಿ ಹೋದರು. ಆ ದಿನ ಯಾರಿಗೂ ಕಾಗದದ ಯೋಚನೆ ಇರುವುದಿಲ್ಲ. ಮನೆಯಲ್ಲಿ ಒಬ್ಬರು ಮಾತ್ರ ಇದನ್ನು ನೋಡಿಕೊಳ್ಳಿ: ಸಾವಿಗೆ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ "ಉಸಿರಾಟ ನಿಂತಿತು" ಎಂದಷ್ಟೇ ಬರೆದರೆ ಸಾಲದು. ಮೂಲ ಕಾರಣ ಎಂಬಲ್ಲಿ ಮೆಸೋಥೆಲಿಯೋಮಾ ಎಂದು ಇರಬೇಕು. ಮನೆಯಲ್ಲೇ ತೀರಿಕೊಂಡರೆ ಕೊನೆಯಲ್ಲಿ ನೋಡಿದ ಡಾಕ್ಟರು ಬರೆದು ಕೊಡುತ್ತಾರೆ. ಹೆಂಡತಿ ಮಕ್ಕಳು ಅವಲಂಬಿತರಾಗಿ ಪರಿಹಾರ ಕೇಳಲು ಸಾವಿನ ದಿನದಿಂದ ಎರಡು ವರ್ಷ ಇದೆ. ನಾವು 2025ರ ಫೆಬ್ರುವರಿಯಲ್ಲಿ ಹಾಕಿದೆವು. ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ವಾಯಿದೆಗೂ ದೊಡ್ಡಮ್ಮ ಮಡಿಕೇರಿಗೆ ಬರುತ್ತಾರೆ.

ಹೋದ ತಿಂಗಳು ಅವರಿಗೂ ಒಂದು ನೋಟ್‌ಬುಕ್ ತಂದುಕೊಟ್ಟೆ. ಈಗ ಅವರಿಗೆ ಯಾವ ತೊಂದರೆಯೂ ಇಲ್ಲ. ಕೆಮ್ಮೋ ದಮ್ಮೋ ಬಂದ ದಿನ ಡಾಕ್ಟರ ಮುಂದೆ ಇಡಲು ಇರಲಿ ಅಂತ. ಮೊದಲ ಸಾಲನ್ನು ಅವರೇ ಹೇಳಿ ಬರೆಸಿದರು: 1974ರಿಂದ 1985ರ ತನಕ, ಬೊಂಬಾಯಿ, ದಿನಾ ಸಂಜೆ ಯಜಮಾನರ ಬಟ್ಟೆ ಕೊಡವಿ ಒಗೆದದ್ದು.